ಕಾಲುವೆ ಪಕ್ಕದಲ್ಲೇ ಇತ್ತು, ನೀರು ಮಾತ್ರ ಬೆಂಕಿಗೆ ಸಿಗುತ್ತಿರಲಿಲ್ಲ

ನಮ್ಮ ಯಾವುದೇ ಬ್ಲಾಕ್‌ನ ಮೆಟ್ಟಿಲ ಹತ್ತಿರ ಒಂದು ಕೆಂಪು ಪೆಟ್ಟಿಗೆ ಇರುತ್ತೆ. ಗಾಜಿನ ಬಾಗಿಲು, ಒಳಗೆ ಸುತ್ತಿಟ್ಟ ಹೋಸ್, ತುದಿಯಲ್ಲಿ ಲೋಹದ ಕಪ್ಲಿಂಗ್. ನಾಲ್ಕು ವರ್ಷ ಅದರ ಮುಂದೆಯೇ ಓಡಾಡುತ್ತೇವೆ, ಅದರ ಮೇಲೆ ಫೆಸ್ಟ್ ಪೋಸ್ಟರ್ ಅಂಟಿಸುತ್ತೇವೆ, ಒಳಗೇನಿದೆ ಅಂತ ನೋಡೋದಿಲ್ಲ. ಸಾಮಾನ್ಯವಾಗಿ ಅದರ ಒಂದು ತುಂಡು 15 ಮೀಟರ್, ಅಂದರೆ ಹತ್ತಿರ ಹತ್ತಿರ 50 ಅಡಿ ಉದ್ದ. ಸಾಲದಿದ್ದರೆ ಇನ್ನೊಂದು ತುಂಡು ಜೋಡಿಸಬಹುದು. 50 ಅಡಿಯ ತುಂಡುಗಳನ್ನು ಹಿತ್ತಾಳೆ ತಿರುಪುಗಳಿಂದ ಒಂದಕ್ಕೊಂದು ಸೇರಿಸಿ, ಕಾಲುವೆಯ ನೀರನ್ನು ಉರಿಯುವ ಮನೆಯೊಳಗೇ ಒಯ್ಯಬಹುದು ಎಂದು ಮೂರೂವರೆ ಶತಮಾನದ ಹಿಂದೆ ಮಾಡಿ ತೋರಿಸಿದವನು ಒಬ್ಬ ಚಿತ್ರಕಾರ. ಇಂಜಿನಿಯರಿಂಗ್ ಓದಿದವನಲ್ಲ. ಆಗ ಓದೋಕೆ ನಮ್ಮಂಥ ಕಾಲೇಜೂ ಇರಲಿಲ್ಲ ಬಿಡಿ.

ಅವನ ಹೆಸರು ಯಾನ್ ವ್ಯಾನ್ ಡರ್ ಹೈಡನ್. ಹಾಲೆಂಡಿನ ಕಲಾ ಇತಿಹಾಸ ಓದಿದವರಿಗೆ ಚೆನ್ನಾಗಿ ಗೊತ್ತಿರುವ ಹೆಸರು. ನಮ್ಮ ಪಠ್ಯದಲ್ಲಿ ಎಲ್ಲೂ ಬರೋದಿಲ್ಲ.

1637ರ ಮಾರ್ಚ್ 5ರಂದು ಹಾಲೆಂಡಿನ ಖೋರಿಂಖೆಮ್ ಎಂಬ ಊರಿನಲ್ಲಿ ಹುಟ್ಟಿದ. ಮೆನೊನೈಟ್ ಎಂಬ ಕ್ರೈಸ್ತ ಪಂಗಡದ ಮನೆತನ, ಎಂಟು ಮಕ್ಕಳಲ್ಲಿ ಮೂರನೆಯವನು. ಅಪ್ಪ ಒಂದೇ ಕಸುಬಿಗೆ ಅಂಟಿಕೊಂಡವನಲ್ಲ: ಎಣ್ಣೆ ಗಾಣ ಇಟ್ಟಿದ್ದ, ಕಾಳು ವ್ಯಾಪಾರ ಮಾಡಿದ, ದಲ್ಲಾಳಿಯೂ ಆಗಿದ್ದ. ಯಾನ್ ಇನ್ನೂ ಹುಡುಗನಾಗಿದ್ದಾಗಲೇ ಮನೆಯವರೆಲ್ಲ ಆಮ್‌ಸ್ಟರ್‌ಡ್ಯಾಮ್‌ಗೆ ಬಂದರು. ಅಣ್ಣ ಅಲ್ಲಿ ಕನ್ನಡಿ ಮಾಡಿ ಮಾರುತ್ತಿದ್ದ. ಆ ನಗರ ಆಗ ಯುರೋಪಿನ ದೊಡ್ಡ ಪೇಟೆ. ಹರ್ಡರ್‌ಗಳ ಹಾಗೆ ಒಂದರ ಸುತ್ತ ಒಂದು ಕಾಲುವೆ ತೋಡಿ, ಅವುಗಳ ದಂಡೆಯ ಮೇಲೆ ಸಾಲು ಮನೆ ಕಟ್ಟುತ್ತಿದ್ದರು. 1613ರಲ್ಲಿ ಶುರುವಾದ ಆ ದೊಡ್ಡ ಕಾಲುವೆಗಳ ಕೆಲಸ ಯಾನ್ ದೊಡ್ಡವನಾಗುವ ತನಕವೂ ನಡೆದೇ ಇತ್ತು.

ಈ ನಗರದಲ್ಲಿ ಎಲ್ಲಿ ನಿಂತರೂ ನೀರು ನಾಲ್ಕು ಹೆಜ್ಜೆ ದೂರ. ಹಾಗಿದ್ದರೂ ಮನೆಗಳು ಸುಟ್ಟು ಬೂದಿಯಾಗುತ್ತಿದ್ದವು. ಅವನ ಕತೆಯೆಲ್ಲ ಇರೋದು ಈ ವಿಚಿತ್ರದಲ್ಲೇ.

1652ರ ಜುಲೈನಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಹಳೆಯ ಪುರಭವನಕ್ಕೆ ಬೆಂಕಿ ಬಿತ್ತು. ಯಾನ್‌ಗೆ ಆಗ 15 ವರ್ಷ. ಡಾಮ್ ಚೌಕದಲ್ಲಿದ್ದ ಆ ಕಟ್ಟಡದ ಬೆನ್ನಿಗೇ ಹೊಸ ಪುರಭವನ ಏಳುತ್ತಿತ್ತು. ಜೌಗು ನೆಲದಲ್ಲಿ 13,659 ಮರದ ಕಂಬಗಳನ್ನು ಪೈಲ್‌ಗಳಾಗಿ ಹೊಡೆದು ಅದರ ಮೇಲೆ ನಿಲ್ಲಿಸುತ್ತಿದ್ದ ಕಟ್ಟಡ ಅದು (ಸಿವಿಲ್‌ನವರು ಈ ಸಂಖ್ಯೆಯನ್ನು ಒಮ್ಮೆ ಗುರುತು ಹಾಕಿಕೊಳ್ಳಿ). ಚೌಕದ ಅಂಚಿನವರೆಗೂ ನೀರಿತ್ತು. ಜನ ಸಾಲಾಗಿ ನಿಂತು ತೊಗಲಿನ ಬಕೆಟ್‌ಗಳಲ್ಲಿ ನೀರು ದಾಟಿಸಿದರು. ಪುರಭವನ ಉಳಿಯಲಿಲ್ಲ. ಆ ಹುಡುಗನ ಮನಸ್ಸಿನಲ್ಲಿ ಇದು ಎಷ್ಟು ಆಳವಾಗಿ ಕೂತಿತೆಂದರೆ, ನಲವತ್ತು ವರ್ಷದ ನಂತರ ತನ್ನ ಪುಸ್ತಕಕ್ಕೆ ಆ ಬೆಂಕಿಯ ಚಿತ್ರವನ್ನೂ ಸೇರಿಸಿದ. ಜೀವಮಾನದಲ್ಲಿ ಅವನು ವಿವರಿಸಿದ ಅಥವಾ ಚಿತ್ರಿಸಿದ ಬೆಂಕಿಗಳು ಹತ್ತಿರ ಹತ್ತಿರ 80.

ಆದರೆ ಮೊದಲು ಹೆಸರು ತಂದಿದ್ದು ಚಿತ್ರಕಲೆ. 1661ರಲ್ಲಿ ಉಟ್ರೆಕ್ಟ್‌ನ ಸಾರಾ ತೆರ್ ಹೀಲ್ ಎಂಬವಳನ್ನು ಮದುವೆಯಾದ. ಆ ಹೊತ್ತಿಗೆ ಅವನ ವಾಸ ಶ್ರೀಮಂತರ ಹೆರೆನ್‌ಗ್ರಾಕ್ಟ್ ಕಾಲುವೆಯ ದಂಡೆಯಲ್ಲಿ. ಬರೆಯುತ್ತಿದ್ದುದು ಊರಿನ ಚಿತ್ರಗಳು: ಚರ್ಚು, ಸೇತುವೆ, ಕಾಲುವೆ, ಇಟ್ಟಿಗೆ ಗೋಡೆ. ಇಟ್ಟಿಗೆ ಅಂದರೆ ಸುಮ್ಮನೆ ಕೆಂಪು ಬಣ್ಣ ಬಳಿದು ಬಿಡುವವನಲ್ಲ, ಒಂದೊಂದು ಇಟ್ಟಿಗೆ, ಅದರ ಸುತ್ತಲಿನ ಗಾರೆಯ ಗೆರೆ ಕೂಡ ಕಾಣಬೇಕು. ಮನುಷ್ಯರನ್ನು ಬರೆಯೋದರಲ್ಲಿ ಮಾತ್ರ ಅಷ್ಟು ಆಸಕ್ತಿ ಇದ್ದಂತೆ ಕಾಣೋದಿಲ್ಲ, ಎಷ್ಟೋ ಚಿತ್ರಗಳಲ್ಲಿ ಆ ಕೆಲಸವನ್ನು ಗೆಳೆಯ ಆಡ್ರಿಯಾನ್ ವ್ಯಾನ್ ಡ ವೆಲ್ಡೆಗೆ ಬಿಟ್ಟಿದ್ದ. ಹೊಸ ಪುರಭವನದ ಒಂದು ಚಿತ್ರವನ್ನು ಇಟಲಿಯ ಮೆಡಿಚಿ ಮನೆತನದ ಕೊಸಿಮೊ ಕೊಂಡುಕೊಂಡ, ಅದು ಈಗಲೂ ಫ್ಲಾರೆನ್ಸ್‌ನ ಉಫಿಟ್ಸಿ ಸಂಗ್ರಹಾಲಯದಲ್ಲಿದೆ.

ಇಂಥವನು ಯಂತ್ರದ ಕಡೆಗೆ ಬಂದದ್ದು ದೀಪದ ದಾರಿಯಲ್ಲಿ. ರಾತ್ರಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಕತ್ತಲೆ, ಕಾಲುವೆಗೆ ತಡೆಗೋಡೆ ಇಲ್ಲ, ಜನ ಬಿದ್ದು ಮುಳುಗಿ ಸಾಯುತ್ತಿದ್ದರು. ಯಾನ್ ಎಣ್ಣೆಯ ಒಂದು ಲಾಂದ್ರ ಮಾಡಿದ. ಗಾಳಿ ಒಳಗೆ ಬಂದು ಹೊಗೆ ಹೊರಗೆ ಹೋಗುವ ದಾರಿಯನ್ನು ಹೇಗೆ ಇಟ್ಟನೆಂದರೆ ಬಿರುಗಾಳಿಗೆ ದೀಪ ಆರೋದಿಲ್ಲ, ಗಾಜಿಗೆ ಮಸಿಯೂ ಹಿಡಿಯೋದಿಲ್ಲ. 1669ರಲ್ಲಿ ನಗರ ಅದನ್ನು ಒಪ್ಪಿಕೊಂಡಿತು, ಉಸ್ತುವಾರಿಗೂ ಅವನನ್ನೇ ನೇಮಿಸಿತು. ಕಂಬಕ್ಕೆ ಕಂಬ ಎಷ್ಟು ದೂರ, ಯಾವ ತಿಂಗಳಲ್ಲಿ ಎಷ್ಟು ಹೊತ್ತಿಗೆ ಹಚ್ಚಬೇಕು, ಎಷ್ಟು ಎಣ್ಣೆ ಬೇಕು ಎಂಬ ಲೆಕ್ಕವೆಲ್ಲ ಅವನದೇ. ಮುಂದೆ ದೀಪಗಳ ಸಂಖ್ಯೆ ಎರಡು ಸಾವಿರ ದಾಟಿತು. ಈ ವ್ಯವಸ್ಥೆ 1840ರವರೆಗೂ ನಡೆಯಿತು ಅಂದರೆ ನಂಬಬೇಕು, ನೂರಾ ಎಪ್ಪತ್ತು ವರ್ಷ! ಬೇರೆ ಊರುಗಳೂ ಇದನ್ನೇ ನೋಡಿ ಮಾಡಿಕೊಂಡವು.

ಈಗ ಬೆಂಕಿಗೆ ಬರೋಣ. ಆಗಲೂ ಬೆಂಕಿ ಆರಿಸುವ ಪಂಪ್ ಇರಲಿಲ್ಲ ಅಂತಲ್ಲ. ಒಂದು ದೊಡ್ಡ ತೊಟ್ಟಿ, ಅದರೊಳಗೆ ಪಿಸ್ಟನ್ ಪಂಪ್, ಮೇಲೆ ಬಾತುಕೋಳಿ ಕತ್ತಿನಂತೆ ಬಾಗಿದ ಲೋಹದ ನಳಿಗೆ. ಅಕ್ಕಪಕ್ಕ ಜನ ನಿಂತು ಸನ್ನೆ ಎತ್ತಿ ಒತ್ತಿದರೆ ನೀರು ಚಿಮ್ಮುತ್ತೆ. ತೊಟ್ಟಿಗೆ ನೀರು ತುಂಬೋದು ಹೇಗೆ? ಬಕೆಟ್. ಕಾಲುವೆಯಿಂದ ಮನೆವರೆಗೆ ಎರಡು ಸಾಲು ಜನ, ಒಂದರಲ್ಲಿ ತುಂಬಿದ ಬಕೆಟ್ ಬರಬೇಕು, ಇನ್ನೊಂದರಲ್ಲಿ ಖಾಲಿ ಬಕೆಟ್ ಹೋಗಬೇಕು. ಇಕ್ಕಟ್ಟಿನ ಬೀದಿಯಲ್ಲಿ ಗಾಬರಿಬಿದ್ದ ಜನ, ಸಾಮಾನು ಹೊರಗೆ ಸಾಗಿಸುವವರು, ನೋಡೋಕೆ ಬಂದವರು. ದಾರಿಯಲ್ಲೇ ಬಹಳಷ್ಟು ನೀರು ಚೆಲ್ಲಿ ಹೋಗುತ್ತಿತ್ತು. ನಳಿಗೆ ಯಂತ್ರದ ಮೇಲೇ ಗಟ್ಟಿಯಾಗಿ ಕೂತಿರೋದರಿಂದ ಯಂತ್ರವನ್ನೇ ಉರಿಯುವ ಗೋಡೆಯ ಹತ್ತಿರ ಎಳೆದು ನಿಲ್ಲಿಸಬೇಕು. ನೀರು ಬೀಳೋದು ಮುಂಗೋಡೆ, ಕಿಟಕಿಯ ಮೇಲೆ, ಬೆಂಕಿ ಇರೋದು ಹಿಂದಿನ ಕೋಣೆಯಲ್ಲಿ. ಗೋಡೆ ಕುಸಿದರೆ ಯಂತ್ರವೂ ಹೋಯಿತು, ಜನರೂ ಹೋದರು.

ಇದು ಆಮ್‌ಸ್ಟರ್‌ಡ್ಯಾಮ್ ಒಂದರ ಗೋಳಲ್ಲ. 1666ರಲ್ಲಿ ಲಂಡನ್ ಸುಟ್ಟಾಗ ಪಕ್ಕದಲ್ಲಿ ಥೇಮ್ಸ್ ನದಿ ಹರಿಯುತ್ತಲೇ ಇತ್ತು. ಲಂಡನ್ ಸೇತುವೆಯ ಕೆಳಗೆ ನದಿಯ ನೀರನ್ನು ಊರಿಗೆ ಎತ್ತುತ್ತಿದ್ದ ನೀರಚಕ್ರಗಳೇ ಮೊದಲ ದಿನ ಸುಟ್ಟುಹೋದವು. ನಾಲ್ಕು ದಿನದಲ್ಲಿ 13,000ಕ್ಕೂ ಹೆಚ್ಚು ಮನೆಗಳು ಬೂದಿಯಾದವು.

ಯಾನ್ ಮತ್ತು ಅವನ ಸಹೋದರ ನಿಕೊಲಾಸ್ (ಇವನಿಗೆ ನೀರಿನ ಯಂತ್ರಗಳ ಕೆಲಸ ಗೊತ್ತಿತ್ತು) ಕೈ ಹಾಕಿದ್ದು ಪಂಪಿಗಲ್ಲ, ಪಂಪಿನ ಆಚೆಗೂ ಈಚೆಗೂ ಇದ್ದ ಆ ಅಂತರಕ್ಕೆ. ನೋಡಿ, ಪಂಪ್ ಸಾಲದು ಅನ್ನಿಸಿದರೆ ಯಾರಾದರೂ ಮಾಡೋದು ಏನು? ಇನ್ನೂ ದೊಡ್ಡ ಪಂಪ್. ಇವರು ಹಾಗೆ ಮಾಡಲಿಲ್ಲ. ಬಾತುಕೋಳಿ ಕತ್ತನ್ನು ಕಿತ್ತುಹಾಕಿ ಅಲ್ಲಿಗೆ ತೊಗಲಿನ ಉದ್ದ ಹೋಸ್ ಸಿಕ್ಕಿಸಿದರು. ಈಗ ಯಂತ್ರ ಬೀದಿಯಲ್ಲಿ ಕ್ಷೇಮವಾಗಿ ನಿಲ್ಲುತ್ತೆ, ಹೋಸ್ ಹಿಡಿದವನು ಬಾಗಿಲಲ್ಲಿ ನುಗ್ಗಿ, ಮೆಟ್ಟಿಲು ಹತ್ತಿ, ಮಾಳಿಗೆಯಲ್ಲಿ ಉರಿಯುತ್ತಿರುವ ಜಾಗಕ್ಕೇ ನೀರು ಬಿಡುತ್ತಾನೆ. ಬೆಂಕಿಯನ್ನು ಹೊರಗಿನಿಂದ ತೊಳೆಯೋದು ಬಿಟ್ಟು ಒಳಗೆ ಹೋಗಿ ಬೇರಿನಲ್ಲೇ ಆರಿಸೋದು ಇಲ್ಲಿಂದ ಸಾಧ್ಯವಾಯಿತು.

ಇನ್ನೊಂದು ತುದಿ ಕಾಲುವೆಯದು. ಇಲ್ಲಿ ನಮ್ಮ ಫ್ಲೂಯಿಡ್ ಮೆಕ್ಯಾನಿಕ್ಸ್ ಕೆಲಸಕ್ಕೆ ಬರುತ್ತೆ. ಪಂಪಿನಿಂದ ಹೊರಗೆ ಹೋಗುವ ಹೋಸ್ ಒಳಗಿನ ಒತ್ತಡದಿಂದ ತಾನೇ ಉಬ್ಬಿ ನಿಲ್ಲುತ್ತೆ. ನೀರು ಹೀರುವ ಹೋಸ್ ಉಲ್ಟಾ: ಒಳಗೆ ಒತ್ತಡ ಕಡಿಮೆ, ಹೊರಗಿನ ಗಾಳಿ ಅದನ್ನು ಹಿಚುಕಿ ಚಪ್ಪಟೆ ಮಾಡುತ್ತೆ. ಬರೀ ತೊಗಲಾದರೆ ಎರಡನೇ ಸ್ಟ್ರೋಕ್‌ಗೇ ಒಳಮುಖವಾಗಿ ಅಂಟಿಕೊಳ್ಳುತ್ತೆ. ಒಳಗೆ ಗಟ್ಟಿ ಆಸರೆ ಬೇಕು, ಜೋಡಣೆಯಲ್ಲಿ ಸೂಜಿಮೊನೆಯಷ್ಟೂ ಗಾಳಿ ನುಸುಳಬಾರದು. ಕೈಯಲ್ಲಿ ಹೊಲಿದ ತೊಗಲಿನಲ್ಲಿ ಇದು ಸುಲಭದ ಮಾತಲ್ಲ. ಮೊದಮೊದಲು ಅವರು ಹೀರುವ ಗೊಡವೆಗೇ ಹೋಗದೆ ಬೇರೆ ಉಪಾಯ ಮಾಡಿದ್ದು ಇದಕ್ಕೇ ಇರಬೇಕು ಅನ್ನೋದು ನನ್ನ ಊಹೆ. ಕಾಲುವೆ ದಂಡೆಯ ಮೇಲೆ ಎತ್ತರದ ಒಂದು ಕಟ್ಟಿಗೆ ಸ್ಟ್ಯಾಂಡ್, ಅದಕ್ಕೆ ತೂಗುಹಾಕಿದ ಕ್ಯಾನ್ವಾಸ್ ಚೀಲ. ಕೆಲವೇ ಜನ ಕಾಲುವೆಯಿಂದ ಬಗ್ಗಿಸಿ ಬಗ್ಗಿಸಿ ಚೀಲಕ್ಕೆ ಸುರಿಯುತ್ತಾರೆ, ಅಲ್ಲಿಂದ ಹೋಸ್‌ನಲ್ಲಿ ನೀರು ತಾನೇ ಇಳಿದು ದೂರದ ಪಂಪ್ ಸೇರುತ್ತೆ. ಬೀದಿ ತುಂಬ ಬಕೆಟ್ ಸಾಲು ಬೇಡ. ಗುರುತ್ವಾಕರ್ಷಣೆಗೆ ಸಂಬಳವನ್ನೂ ಕೊಡಬೇಕಿಲ್ಲ. ಆಮೇಲೆ ನಿಜವಾದ ಹೀರು ಹೋಸ್ ಬಂತು, ಪಂಪ್ ನೇರವಾಗಿ ಕಾಲುವೆಯಿಂದಲೇ ನೀರೆತ್ತಿತು. ಬೆಂಕಿ ದೂರ ಇದ್ದರೆ ಕಾಲುವೆ ದಂಡೆಯ ಪಂಪ್ ಇನ್ನೊಂದು ಪಂಪಿಗೆ ನೀರು ತಳ್ಳುವುದು, ಅದು ಮುಂದಕ್ಕೆ ತಳ್ಳುವುದು.

ಇದೆಲ್ಲ ನಡೆದದ್ದು 1672–73ರಲ್ಲಿ. ಡಚ್ಚರಿಗೆ 1672 ಸರ್ವನಾಶದ ವರ್ಷ. ಫ್ರಾನ್ಸಿನ ಸೈನ್ಯ ಒಳನುಗ್ಗಿತ್ತು. ಅದನ್ನು ತಡೆಯಲು ಡಚ್ಚರು ತೂಬುಗಳನ್ನು ತೆರೆದು ತಮ್ಮದೇ ಹೊಲಗದ್ದೆಗಳನ್ನು ಮುಳುಗಿಸಿಕೊಂಡರು. ಚಿತ್ರದ ಮಾರುಕಟ್ಟೆ ಬಿದ್ದುಹೋಯಿತು, ವೆರ್ಮೀರ್‌ನಂಥ ಕಲಾವಿದ ಸಾಲದಲ್ಲಿ ಸತ್ತ. ಯಾನ್‌ಗೆ ದೀಪದ ಕೆಲಸದ ಸಂಬಳ ಇತ್ತು, ಬಚಾವಾದ. 1673ರ ಜನವರಿಯಲ್ಲಿ ಹೊಸ ಪಂಪಿನ ಪರೀಕ್ಷೆ ನಡೆಯಿತು, ಗೆದ್ದಿತು. ಅಣ್ಣತಮ್ಮಂದಿರಿಗೆ ನಗರದ ಬೆಂಕಿ ಪಂಪುಗಳ ಹೊಣೆ ಸಿಕ್ಕಿತು. 1677ರಲ್ಲಿ 25 ವರ್ಷದ ಪೇಟೆಂಟೂ ಸಿಕ್ಕಿತು. ಕೋಸ್ಟ್ರಾಟ್ ಎಂಬ ಬೀದಿಯಲ್ಲಿ ಯಾನ್ ಮನೆ ಕಟ್ಟಿಸಿದ, ಜೊತೆಗೇ ಪಂಪಿನ ಕಾರ್ಖಾನೆ. ಒಂದೊಂದು ವಾರ್ಡಿಗೂ ಪಂಪ್, ಅದಕ್ಕೆ ಗೊತ್ತುಮಾಡಿದ ಜನ, ಯಾರು ಎಲ್ಲಿ ನಿಲ್ಲಬೇಕು ಎಂಬ ಕ್ರಮ. 1680ರ ದಶಕದಲ್ಲಿ ಇಡೀ ಅಗ್ನಿಶಾಮಕ ಪಡೆಯನ್ನೇ ಹೊಸದಾಗಿ ಕಟ್ಟಿದ.

ಈಗ ಒಂದು ಪ್ರಶ್ನೆ. ಈ ಪಂಪ್ ಕೆಲಸ ಮಾಡೋದು ಕಾಲುವೆಯಲ್ಲಿ ನೀರಿದ್ದರೆ. ಕಾಲುವೆ ಬಂದ್ ಆದರೆ?

ನಮಗೆ ಕಾಲುವೆ ಬಂದ್ ಅಂದರೆ ನೀರು ನಿಲ್ಲಿಸೋದು ಅಂತಲೇ ಅರ್ಥ. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಗೇಟ್ ಮುಚ್ಚೋದು ಅಂದರೆ ನೀರನ್ನು ಹಿಡಿದಿಟ್ಟುಕೊಳ್ಳೋದು, ಅಥವಾ ಸಮುದ್ರವನ್ನು ಹೊರಗಿಡೋದು. ಊರಿನ ಉತ್ತರಕ್ಕಿದ್ದ ಐ ಎಂಬ ನೀರಹರವು ಆಗ ಸಮುದ್ರದ ಭಾಗ, ಅದರಲ್ಲಿ ಉಬ್ಬರ ಇಳಿತ ಇತ್ತು. ಗೇಟ್ ತೆರೆದೇ ಬಿಟ್ಟರೆ ಉಬ್ಬರದಲ್ಲಿ ನೆಲಮಾಳಿಗೆಗೆ ನೀರು, ಇಳಿತದಲ್ಲಿ ಕಾಲುವೆ ಖಾಲಿ. ಸದಾ ಮುಚ್ಚಿಟ್ಟರೆ ಊರಿನ ಕೊಳಚೆಯೆಲ್ಲ ನಿಂತು ಗಬ್ಬು ನಾರುತ್ತೆ. ಇದನ್ನು ಸರಿದೂಗಿಸಲು ತಲೆ ಕೆಡಿಸಿಕೊಂಡವನು ಯೊಹಾನೆಸ್ ಹುಡ್ಡೆ. ಗಣಿತಜ್ಞ. 1672ರಿಂದ ಎಷ್ಟೋ ಸಲ ನಗರದ ಮೇಯರ್ ಆಗಿದ್ದವನು. ಅವನ ಕಾಲದಲ್ಲೇ ಆಮ್‌ಸ್ಟೆಲ್ ನದಿಗೆ ತೂಬುಗಳು ಬಂದವು, ಯಾವ ಗೇಟ್ ಯಾವಾಗ ಮುಚ್ಚಿ ಯಾವಾಗ ತೆರೆದರೆ ಕಾಲುವೆಗಳಲ್ಲಿ ನೀರು ಸುತ್ತಾಡುತ್ತೆ ಎಂಬ ವ್ಯವಸ್ಥೆ ಬಂತು. 1683–84ರಲ್ಲಿ ಐ ಹರವಿನ ಉಬ್ಬರದ ಮಟ್ಟವನ್ನು ವರ್ಷವಿಡೀ ಅಳೆಸಿ, ನಗರದ ತೂಬುಗಳಲ್ಲಿ ಎಂಟು ಅಮೃತಶಿಲೆಯ ಗುರುತುಕಲ್ಲು ಇಡಿಸಿದ. ಸರ್ವೇ ಓದುವವರಿಗೆ ಇದು ಗೊತ್ತಿರಬೇಕು: ಇವತ್ತು ಯುರೋಪಿನ ಎತ್ತರದ ಅಳತೆಗೆ ಆಧಾರವಾಗಿರುವ ಆಮ್‌ಸ್ಟರ್‌ಡ್ಯಾಮ್ ಮಟ್ಟದ ಮೂಲ ಇದೇ.

ಯಾನ್‌ನ ಪಂಪಿಗೂ ಇದಕ್ಕೂ ಏನು ಸಂಬಂಧ ಅಂತೀರಾ? ಹೀರು ಪಂಪ್ ನೀರನ್ನು ಎಳೆಯೋದಿಲ್ಲ, ಹೊರಗಿನ ಗಾಳಿ ನೀರನ್ನು ಮೇಲಕ್ಕೆ ತಳ್ಳುತ್ತೆ. ಲೆಕ್ಕದಲ್ಲಿ 10.3 ಮೀಟರ್, ನಿಜವಾದ ಪಂಪಿನಲ್ಲಿ ಏಳು ಮೀಟರ್ ಆಸುಪಾಸು. ಟೊರಿಚೆಲ್ಲಿ ಇದನ್ನು ತೋರಿಸಿ ಆಗಿನ್ನೂ ಮೂವತ್ತು ವರ್ಷವಾಗಿತ್ತು ಅಷ್ಟೇ. ಗೇಟ್‌ಗಳು ನೀರಿನ ಮಟ್ಟವನ್ನು ಹಿಡಿದಿಟ್ಟಿದ್ದರಿಂದ ಆಮ್‌ಸ್ಟರ್‌ಡ್ಯಾಮ್‌ನ ದಂಡೆಯಿಂದ ನೀರು ಹೆಚ್ಚು ಕೆಳಗಿರುತ್ತಿರಲಿಲ್ಲ, ನಿನ್ನೆ ಇದ್ದಲ್ಲೇ ಇವತ್ತೂ ಇರುತ್ತಿತ್ತು. ಹೋಸ್ ಎಷ್ಟು ಉದ್ದ ಬೇಕು, ಯಾವ ದಂಡೆಯಲ್ಲಿ ಪಂಪ್ ಇಡಬೇಕು ಎಂದು ಮೊದಲೇ ನಿರ್ಧರಿಸಬಹುದಿತ್ತು. ಇಡೀ ನಗರವೇ ಪಂಪಿನ ತೊಟ್ಟಿ. ಈ ಇಬ್ಬರಲ್ಲಿ ಹುಡ್ಡೆಯ ಕೆಲಸ ಹೆಚ್ಚೋ ಯಾನ್‌ನ ಕೆಲಸ ಹೆಚ್ಚೋ ಅಂತ ನನ್ನನ್ನು ಕೇಳಿದರೆ ನಾನು ತೂಬಿನ ಕಡೆ ವೋಟ್ ಹಾಕುತ್ತೇನೆ.

ಚಳಿಗಾಲದ ಬಂದ್ ಬೇರೆ ತರಹದ್ದು. ಕಾಲುವೆ ಹೆಪ್ಪುಗಟ್ಟುತ್ತಿತ್ತು. ಮನೆ ಮನೆಗೂ ಒಲೆ ಉರಿಯುವ, ಬೆಂಕಿ ಹೆಚ್ಚು ಬೀಳುವ ಕಾಲವೂ ಅದೇ! ಡಚ್ ಊರುಗಳಲ್ಲಿ ಮಂಜುಗಡ್ಡೆಗೆ ತೂತು ಕೊರೆದು, ಮತ್ತೆ ಮುಚ್ಚಿಕೊಳ್ಳದಂತೆ ಕಾಯುವ ಕೆಲಸವೇ ಇತ್ತು. ಬೆಂಕಿ ಬಿದ್ದ ಮೇಲೆ ಕೊಡಲಿ ಹುಡುಕೋಕೆ ಹೋದರೆ ಆಗದು.

1690ರಲ್ಲಿ ಯಾನ್ ತನ್ನ ಮಗನ ಜೊತೆ ಸೇರಿ ಹೋಸ್ ಪಂಪುಗಳ ದೊಡ್ಡ ಪುಸ್ತಕ ತಂದ. ಬೆಂಕಿ ಆರಿಸುವ ವಿದ್ಯೆಗೆ ಅದೇ ಮೊದಲ ಕೈಪಿಡಿ ಅನ್ನುತ್ತಾರೆ. ಚಿತ್ರಗಳು ಅವನವೇ, ಅವನ್ನು ನೋಡಿದರೆ ಮೈ ಜುಮ್ ಅನ್ನುತ್ತೆ. ಉರಿಯುವ ಮನೆಯನ್ನು ನಾವು ಡ್ರಾಯಿಂಗ್‌ನಲ್ಲಿ ಸೆಕ್ಷನ್ ತೆಗೆಯುವ ಹಾಗೆ ಉದ್ದಕ್ಕೆ ಸೀಳಿ, ಪ್ರತಿ ಅಂತಸ್ತಿನಲ್ಲೂ ಹೋಸ್ ಎಲ್ಲಿ ಹೋಗಿದೆ, ಜನ ಎಲ್ಲಿ ನಿಂತಿದ್ದಾರೆ ಎಂದು ತೋರಿಸಿದ್ದಾನೆ. ಇಟ್ಟಿಗೆ ಇಟ್ಟಿಗೆ ಬರೆದ ಕೈ ಇಲ್ಲಿ ಅನ್ನ ತಿಂದದ್ದಕ್ಕೆ ಸಾರ್ಥಕವಾಯಿತು.

ಅದೇ ಪುಸ್ತಕದಲ್ಲಿ ಲೆಕ್ಕವೂ ಇದೆ. ಹಳೆಯ ಯಂತ್ರಗಳ ಕಾಲದ 11 ಬೆಂಕಿಗಳಲ್ಲಿ 10 ಲಕ್ಷ ಗಿಲ್ಡರ್‌ಗೂ ಹೆಚ್ಚು ನಷ್ಟ. ಹೊಸ ಯಂತ್ರಗಳು ಬಂದ ಮೇಲಿನ 40 ಬೆಂಕಿಗಳಲ್ಲಿ 20,000 ಗಿಲ್ಡರ್‌ಗೂ ಕಡಿಮೆ. ಅಂದರೆ ಒಂದು ಬೆಂಕಿಗೆ 90,000ದಷ್ಟಿದ್ದ ನಷ್ಟ 500ಕ್ಕೂ ಕೆಳಗೆ ಇಳಿಯಿತು. ಪ್ರಾಜೆಕ್ಟ್ ರಿಪೋರ್ಟ್‌ನಲ್ಲಿ ಇಂಥ ಟೇಬಲ್ ಹಾಕಿದರೆ ವೈವಾದಲ್ಲಿ ನಮ್ಮನ್ನು ಬಿಡ್ತಾರಾ? ಲೆಕ್ಕ ಬರೆದವನೇ ಪಂಪ್ ಮಾರುವವನು. ಯಾವ ಬೆಂಕಿಯನ್ನು ಲೆಕ್ಕಕ್ಕೆ ತೆಗೆದುಕೊಂಡ, ಯಾವುದನ್ನು ಬಿಟ್ಟ? ಹಳೆಯ ಪಟ್ಟಿಯಲ್ಲಿ ಒಂದೆರಡು ಭಾರೀ ಬೆಂಕಿ ಇದ್ದರೂ ಸರಾಸರಿ ಹಾರಿಬಿಡುತ್ತೆ. ಬೀದಿ ದೀಪ, ವಾರ್ಡಿನ ಪಡೆ, ಬೇಗ ಸುದ್ದಿ ಮುಟ್ಟೋದು, ಇವೆಲ್ಲ ಅದೇ ವರ್ಷಗಳಲ್ಲಿ ಬದಲಾದವು, ಹೋಸ್‌ನ ಪಾಲು ಎಷ್ಟು? ಇಷ್ಟೆಲ್ಲ ಕಡಿತ ಹಾಕಿದರೂ ವ್ಯತ್ಯಾಸ ಅಷ್ಟು ದೊಡ್ಡದು, ಪೂರ್ತಿ ಸುಳ್ಳು ಅನ್ನೋಕೆ ಬರೋದಿಲ್ಲ. ಇನ್ನೊಂದು ಮಾತು: ಹಾನಿಯನ್ನು ಅಳೆಯಬೇಕು, ಮೊದಲು ಮತ್ತು ಆಮೇಲೆ ಅಂತ ಹೋಲಿಸಬೇಕು ಎಂದು 17ನೇ ಶತಮಾನದಲ್ಲಿ ಒಬ್ಬ ಚಿತ್ರಕಾರನಿಗೆ ಹೊಳೆದದ್ದೇ ದೊಡ್ಡದು.

ಹೋಸ್ ಪರಿಪೂರ್ಣವಾಗಿತ್ತು ಅಂತೇನಲ್ಲ. ಹೊಲಿಗೆ ಸೋರುತ್ತಿತ್ತು, ತೊಗಲು ಒಣಗಿದರೆ ಬಿರಿಯುತ್ತಿತ್ತು. ಹೊಲಿಗೆಯ ಬದಲು ತಾಮ್ರದ ರಿವೆಟ್ ಹೊಡೆದ ಹೋಸ್ ಬಂದದ್ದು 19ನೇ ಶತಮಾನದ ಶುರುವಿನಲ್ಲಿ, ಅಮೆರಿಕದ ಫಿಲಡೆಲ್ಫಿಯಾದಲ್ಲಿ.

1712ರ ಮಾರ್ಚ್ 28ರಂದು ಯಾನ್ ತೀರಿಕೊಂಡ, 75 ತುಂಬಿತ್ತು. ಕೆಲವೇ ವಾರಗಳಲ್ಲಿ ಸಾರಾ ಕೂಡ ಹೋದಳು. ಮನೆಯ ಆಸ್ತಿ ಪಟ್ಟಿ ಮಾಡಿದಾಗ ಅವನದೇ 70ಕ್ಕೂ ಹೆಚ್ಚು ಚಿತ್ರಗಳು ಸಿಕ್ಕವು. ಪಂಪಿನಿಂದ ಶ್ರೀಮಂತನಾದ ಮೇಲೂ ಬರೆಯೋದನ್ನು ಬಿಟ್ಟಿರಲಿಲ್ಲ, ಮಾರುವ ಅವಸರವೂ ಇದ್ದಂತಿಲ್ಲ. ಪುಸ್ತಕ 1735ರಲ್ಲಿ ಮತ್ತೊಮ್ಮೆ ಅಚ್ಚಾಯಿತು.

ಅವನು ಎಣಿಸಿರದ ಬಂದ್ ಬಂದದ್ದು 19ನೇ ಶತಮಾನದಲ್ಲಿ. 1853ರಲ್ಲಿ ಸಮುದ್ರ ತೀರದ ಮರಳುದಿಣ್ಣೆಗಳಿಂದ ಆಮ್‌ಸ್ಟರ್‌ಡ್ಯಾಮ್‌ಗೆ ಕೊಳವೆ ನೀರು ಬಂತು. 1872ರಲ್ಲಿ ಐ ಹರವನ್ನೇ ಕಟ್ಟೆ ಮತ್ತು ಲಾಕ್‌ಗಳಿಂದ ಸಮುದ್ರದಿಂದ ಬೇರೆ ಮಾಡಿದರು, ಉಬ್ಬರದ ಕಾಟ ಮುಗಿಯಿತು. ಗಾಡಿಗಳಿಗೆ ಜಾಗ ಬೇಕು, ಕಾಲುವೆ ನಾರುತ್ತೆ ಎಂದು ಒಂದೊಂದನ್ನೇ ಮಣ್ಣು ತುಂಬಿ ರಸ್ತೆ ಮಾಡಿದರು. 1889ರಲ್ಲಿ ರೋಜನ್‌ಗ್ರಾಕ್ಟ್ ಮುಚ್ಚಿತು. ಅದಕ್ಕೂ ಮೊದಲು, 1884ರಲ್ಲಿ, ಅವನು ಚಿತ್ರ ಬರೆದ ಪುರಭವನದ ಹಿಂದೆಯೇ ಇದ್ದ ನ್ಯೂವೆಜೈಡ್ಸ್ ವೋರ್‌ಬರ್ಗ್‌ವಾಲ್ ಹೋಯಿತು. ಈಗ ಅಲ್ಲಿ ಟ್ರಾಮ್ ಓಡುತ್ತೆ. ಹೆರೆನ್‌ಗ್ರಾಕ್ಟ್‌ನಲ್ಲಿ ಮಾತ್ರ ನೀರು ಇನ್ನೂ ಹಾಗೇ ಇದೆ, ದಂಡೆಯಿಂದ ಸ್ವಲ್ಪ ಕೆಳಗೆ, ಹೋಸ್ ಇಳಿಬಿಟ್ಟರೆ ಸಿಗುವಷ್ಟು ಹತ್ತಿರ.